ಅವಳಿಯರಲ್ಲಿ ಮೊದಲು ಯಾರು?

ಆಸ್ಪತ್ರೆಯಲ್ಲಿ, ನಿದ್ದೆಹೋದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳ ಪಕ್ಕದ ಬೆಂಚಿನಲ್ಲಿ ಅವಳಿ ಅಕ್ಕತಂಗಿಯರಿದ್ದರು. ಇಬ್ಬರದೂ ಒಂದೇ ಅಚ್ಚು. ಅಕ್ಕನ ಬೆರಳುಗಳು ಮಾತ್ರ ಕೀಲುವಾತದಿಂದ ಸೊಟ್ಟಗಾಗಿದ್ದವು.

“ಇಬ್ರಲ್ಲೂ ಇರೋದು ಒಂದೇ ಥರದ ಜೀನು ತಾನೇ? ಪರೀಕ್ಷೆಗೆ ನನ್ ರಕ್ತಾನೂ ಯಾಕಂತೆ?” ಎಂದಳು ತಂಗಿ.

“ಯಾವ ಜೀನು ಕೆಲ್ಸ ಮಾಡ್ತಿದೆ, ಯಾವುದು ಸುಮ್ನಿದೆ ಅಂತ ವಿಜ್ಞಾನಿಗಳು ಹೋಲಿಸಿ ನೋಡ್ತಾರಂತೆ ಕಣೇ. ನಿನ್ನಲ್ಲಿ ಸುಮ್ನಿರೋದು ನನ್ನಲ್ಲಿ ಎದ್ದು ಕುಣೀತಿರ್ಬೇಕು.”

“ನನ್ನಲ್ಲೂ ಎದ್ದಿದ್ರೆ?”

“ಭಯ ಆದ್ರೆ ಮನೆಗೆ ಹೋಗು. ನಾನೇನೂ ಅಂದ್ಕೊಳಲ್ಲ.”

“ಹುಟ್ಟೋದ್ರಲ್ಲೂ ನೀನೇ ಮೊದ್ಲು, ಕಾಯಿಲೇಲೂ ನೀನೇ ಮೊದ್ಲು.”

“ದೊಡ್ಡವಳಲ್ವೇನೇ!”

ನರ್ಸ್ ಬಾಗಿಲಿಗೆ ಬಂದಳು. “ಯಾರು ಮೊದ್ಲು ಬರ್ತೀರಿ?”

ಅಕ್ಕ ಏಳುವಷ್ಟರಲ್ಲಿ ತಂಗಿ ತೋಳಿನ ಬಟ್ಟೆ ಮೇಲೇರಿಸಿಕೊಂಡು ಒಳಗೆ ಹೋಗಿಯಾಗಿತ್ತು. ಅಕ್ಕ ಇಬ್ಬರ ಚೀಲಗಳನ್ನೂ ಮೊಣಕೈಗೆ ನೇತುಹಾಕಿಕೊಂಡು ಹಿಂದೆಯೇ ಹೋದಳು.