ಜಟ್ಟಿಂಗಪ್ಪನ ಖಡ್ಗಮೃಗದುಂಗುರ

ಅಲ್ಲ ಸ್ವಾಮಿ, ನೀವೇ ಹೇಳಿ, ನಮ್ಮ ಕವಲೇದುರ್ಗದ ಕಾಡಿಗೆ ಖಡ್ಗಮೃಗ ಎಲ್ಲಿಂದ ಬರ್ಬೇಕು? ಆ ಕಾಗದದಲ್ಲಿ ಹಂಗೇ ಬರ್ದಿದ್ದಾರಾ? ಕೋಣಂದೂರು ಸಂತೇಲಿ ಜಟ್ಟಿಂಗಪ್ಪ ಅನ್ನೋನು ಖಡ್ಗಮೃಗದ ಕೊಂಬಿನ ಉಂಗುರ ಮಾರ್ತಾನೆ ಅಂತ? ಆ ಜಟ್ಟಿಂಗಪ್ಪ ನಾನೇ. ಉಂಗುರ ಮಾರೋದೂ ನಿಜ. ಆದ್ರೆ ಖಡ್ಗಮೃಗ... ಕೂತ್ಕಳಿ ಸ್ವಾಮಿ, ಫಾರೆಸ್ಟ್ ಆಫೀಸಿಂದ ಇಷ್ಟು ದೂರ ಸೈಕಲ್ ತುಳ್ಕಂಡು ಬಂದಿದ್ದೀರಿ. ವರದಾ, ಸಾಹೇಬ್ರಿಗೆ ಒಂದು ಲೋಟ ಕಾಫಿ ಮಾಡೇ.

ಕಾಗದ ಬರ್ದಿದ್ದು ವೀರಕುಮಾರ ಮೇಷ್ಟ್ರು ತಾನೆ? ಗೊತ್ತಿತ್ತು ಬಿಡಿ. ಪೇಪರ್ ಓದೋರು ಅವರು. ಅಸ್ಸಾಂ ಕಡೆ ಕೊಂಬಿನಾಸೆಗೆ ಆ ಪ್ರಾಣೀನ ಕೊಂದು ಕೊಂದು, ಈಗ ಬೆರಳೆಣಿಕೆಯಷ್ಟು ಉಳಿದಿವೆಯಂತೆ. ಅದನ್ನ ಓದಿ ಸೀದಾ ನನ್ನ ಅಂಗಡಿಗೆ ಬಂದ್ರು. ಕಣ್ಣಲ್ಲಿ ನೀರು. "ಏನೋ ಜಟ್ಟಿಂಗ, ನಿನಗೆ ಮನಸ್ಸಾದ್ರೂ ಹೆಂಗೆ ಬಂತೋ" ಅಂದ್ರು. ನಾನೇನು ಹೇಳ್ಲಿ? ಸುತ್ತ ಗಿರಾಕಿಗಳಿದ್ರು. "ಮೇಷ್ಟ್ರೇ, ಎಡಗೊಂಬಿಂದು ಹೆಂಗಸರಿಗೆ, ಬಲಗೊಂಬಿಂದು ಗಂಡಸರಿಗೆ, ನಿಮಗೆ ಯಾವುದು ಕೊಡ್ಲಿ" ಅಂದೆ.

ಯಾಕೆ ಮೀಸೆ ಮುಟ್ಕೋತೀರಿ? ನಗು ಬಂದ್ರೆ ನಕ್ಕುಬಿಡಿ ಸ್ವಾಮಿ. ಅವತ್ತು ಮೇಷ್ಟ್ರು ಚೀಲದಿಂದ ಪುಸ್ತಕ ತೆಗೆದು ಚಿತ್ರ ತೋರಿಸಿದ್ರು. ಒಂದೇ ಕೊಂಬು. ಅದೂ ಮೂಗಿನ ಮೇಲೆ. ಮೂಗಿನ ಮೇಲೆ ಕೊಂಬು ಇರುತ್ತೆ ಅಂತ ಯಾರಿಗೆ ಗೊತ್ತಿತ್ತು? ನಾಲ್ಕು ವರ್ಷದಿಂದ ಎಡ ಬಲ ಅಂತ ಕೊಟ್ಕೊಂಡು ಬಂದಿದ್ದೀನಿ, ಒಬ್ರೂ ಕೇಳ್ಲಿಲ್ಲ. ಮೇಷ್ಟ್ರಿಗೆ ಆಗ್ಲೇ ಅರ್ಥ ಆಗ್ಬೇಕಿತ್ತು. ಆಗ್ಲಿಲ್ಲ. ನಾನು ಎರಡು ಖಡ್ಗಮೃಗ ಕೊಂದಿದ್ದೀನಿ ಅಂದ್ಕಂಡು ಹೋಗಿ ಕಾಗದ ಬರ್ದುಬಿಟ್ರು.

ಉಂಗುರ ಯಾತಕ್ಕಾ? ಮೂಲವ್ಯಾಧಿಗೆ. ಹಂಗೆ ನೋಡ್ಬೇಡಿ. ಅರಳಸುರಳಿ ಪಟೇಲ್ರು ಕೆರಿಯಪ್ಪನೋರನ್ನ ಕೇಳಿ. ಪಂಚಾಯ್ತಿ ಕೂತ್ರೆ ಅವರಿಗೆ ಎರಡು ದಿಂಬು ಬೇಕಿತ್ತು, ಮುಖ ಹುಳ್ಳಗೆ ಮಾಡ್ಕಂಡು ಎಲ್ಲರಿಗೂ ದಂಡ ಹಾಕೋರು. ನನ್ನ ಉಂಗುರ ಹಾಕ್ಕಂಡ ಮೇಲೆ ಬರೀ ಕಲ್ಲಿನ ಮೇಲೆ ಕೂತ್ಕೋತಾರೆ. ದಂಡಾನೂ ಕಮ್ಮಿ ಆಗಿದೆ. ಈಗ ಹೋಗಿ ಇದು ಖಡ್ಗಮೃಗದ್ದಲ್ಲ ಅಂತ ಹೇಳಿದ್ರೆ, ಪಾಪ, ನಾಳೆಯಿಂದ ಮತ್ತೆ ದಿಂಬು.

ಹ್ಞಾಂ, ಅಲ್ಲ ಅಂದೆ. ಬಾಯ್ಬಿಟ್ಟೇ ಹೇಳ್ತೀನಿ, ಬರ್ಕೊಳ್ಳಿ. ನಾನು ಸುಳ್ಳುಗಾರ, ಬೇಟೆಗಾರ ಅಲ್ಲ. ಅದು ಎಮ್ಮೆ ಕೊಂಬು. ಲೆಕ್ಕ ಹಾಕಿದ್ರೆ ನಾನು ಖಡ್ಗಮೃಗ ಕಾಪಾಡಿದೋನು. ಈ ಸೀಮೇಲಿ ಮೂಲವ್ಯಾಧಿ ಇರೋರಿಗೆಲ್ಲ ನಿಜವಾದ ಉಂಗುರ ಕೊಟ್ಟಿದ್ರೆ, ಅಸ್ಸಾಮಿನಲ್ಲಿ ಒಂದಾದ್ರೂ ಉಳೀತಿತ್ತಾ? ಸರ್ಕಾರ ನನಗೊಂದು ಹಾರ ಹಾಕ್ಬೇಕು.

ಯಾರ ಮನೆ ಎಮ್ಮೆ? ನಮ್ಮದೇ. ಸತ್ತುಹೋಯ್ತು.

ಅದಾ... ಕೊಟ್ಟಿಗೇಲಿ ಕೂಗಿದ್ದು ಬೇರೆ ಎಮ್ಮೆ. ಸತ್ತಿದ್ದು ಅದರ ತಾಯಿ.

ಆ ಗೋಣಿಚೀಲ ಯಾಕೆ ಸ್ವಾಮಿ? ಅದರಲ್ಲೇನಿಲ್ಲ, ಉಂಗುರಕ್ಕೆ ಉಳಿದ ಕೊಂಬು... ಬಿಚ್ಚಿ, ಬಿಚ್ಚಿ, ನಂದೇನೂ ಅಡ್ಡಿಯಿಲ್ಲ. ಒಂದು, ಎರಡು... ಹೌದು, ಆರು ಬುಡ ಇವೆ. ಒಂದು ಎಮ್ಮೆಗೆ ಎರಡೇ ಕೊಂಬು, ಒಪ್ಪಿದೆ. ಸತ್ತಿದ್ದು ಒಂದೇ ಅಂತ ನಾನೆಲ್ಲಿ ಹೇಳ್ದೆ? ವರದಾ, ನಮ್ಮನೇಲಿ ಎಷ್ಟು ಎಮ್ಮೆ ಸತ್ತಿದ್ವೇ?

ಒಳಗೆ ಹೋಗ್ಬಿಟ್ಲು ನನ್ನ ಹೆಂಡ್ತಿ. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ.

ಏನು ನೋಡ್ತಿದ್ದೀರಿ? ದುಂಡಗಿದೆ, ನಿಜ. ಎಮ್ಮೆದು ಚಪ್ಪಟೆ ಇರುತ್ತೆ, ಅದೂ ನಿಜ. ಕೆಲವು ಎಮ್ಮೆದು... ಇಷ್ಟು ದಪ್ಪ... ಬುಡದಲ್ಲಿ ಹಳದಿ, ತುದಿ ಕಪ್ಪು...

ಏನಾದ್ರೂ ಮಾತಾಡಿ ಸ್ವಾಮಿ. ಬೈರಿ. ಹಿಂಗೆ ಕೊಂಬಿನ ಮೇಲೆ ಕೈ ಆಡಿಸ್ತಾ ಕೂರ್ಬೇಡಿ.

ಕಾಟಿ.

ಗೊತ್ತಿತ್ತು ಅಲ್ವಾ ನಿಮಗೆ? ಈ ಗುಡ್ಡದ ಕಾಡುಕೋಣದ್ದೇ. ಮೊದಲ್ನೇದು ಲಿಂಗನಮಕ್ಕಿ ಡ್ಯಾಮಲ್ಲಿ ನೀರು ನಿಲ್ಲಿಸಿದ ವರ್ಷ. ಗದ್ದೆಗೆ ನುಗ್ಗಿತ್ತು, ಭತ್ತ ಎಲ್ಲ ತುಳಿದುಹಾಕ್ತಿತ್ತು, ಹೆದರಿ ಹೊಡೆದೆ. ಕೊಂಬು ಸುಮ್ನೆ ಬಿದ್ದಿತ್ತು, ಒಂದು ಉಂಗುರ ಮಾಡ್ದೆ. ಪಟೇಲ್ರಿಗೆ ವಾಸಿಯಾಯ್ತು. ಆಮೇಲೆ ಎಲ್ಲರೂ ಕೇಳೋಕೆ ಶುರುಮಾಡಿದ್ರು. ಎರಡನೇದು ಗದ್ದೆಗೆ ಬಂದಿರ್ಲಿಲ್ಲ. ನಾನೇ ಹುಡುಕ್ಕಂಡು ಹೋದೆ. ಮೂರನೇದು ಹಳ್ಳದಲ್ಲಿ ನೀರು ಕುಡೀತಿತ್ತು. ತಲೆ ಎತ್ತಿ ನನ್ನ ನೋಡ್ತು. ಓಡಿಹೋಗ್ಲಿಲ್ಲ ಸ್ವಾಮಿ. ದಿನಾ ನೋಡಿದ ಮುಖ ಅಂತ ಇರ್ಬೇಕು.

ಈಗ ಒಂದು ಹೆಣ್ಣು, ಅದರ ಮರಿ, ಅಷ್ಟೇ ಬರೋದು. ಅವಕ್ಕೆ ನಾನು ಕೋವಿ ಎತ್ತಿಲ್ಲ, ವರದಾಳ ಮೇಲಾಣೆ. ಪಾಪ, ತಾಯಿ ಮರಿ ಅಂತ ಬಿಟ್ಟೆ.

ನೀವು ಬರ್ಕೊಳ್ತಿಲ್ಲ. ಇಷ್ಟು ಹೊತ್ತೂ ಬರ್ಕೊಂಡ್ರಿ, ಈ ಒಂದು ಮಾತು ಬರ್ಕೊಳ್ತಿಲ್ಲ.

ಆಯ್ತು. ತಾಯಿ ಕೊಂಬು ಸಣ್ಣದು, ಉಂಗುರ ಸರಿಯಾಗಿ ಬರಲ್ಲ. ಮರೀಗೆ ಇನ್ನೂ ಕೊಂಬು ಮೂಡಿಲ್ಲ. ಅದಕ್ಕೆ ಬಿಟ್ಟಿದ್ದು. ಗಂಡು ಮರಿ ಅಂತ ನೋಡ್ಕಂಡು ಬಂದಿದ್ದೆ.