ಕೈ ಊರದೆ

ರಕ್ತಪರೀಕ್ಷೆಗೆ ಕಾದಿದ್ದ ದರ್ಜಿಯ ಪಕ್ಕದಲ್ಲೇ ಅಂಗಡಿಗಳ ಬೋರ್ಡು ಬರೆಯುವ ಮುದುಕರೊಬ್ಬರು ಮಗಳೊಂದಿಗೆ ಕೂತಿದ್ದರು. ಮಗಳ ಕೈಯಲ್ಲಿ ರಿಪೋರ್ಟಿತ್ತು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ಹೋಯಿತು.

“ಬಿಪಿ ಜೊತೆಗೆ ರಕ್ತದಲ್ಲಿ ಉರಿಯೂತಾನೂ ಜಾಸ್ತಿಯಂತೆ. ಇಂಥವರಿಗೆ ಕೈಕಾಲಿನ ಶಕ್ತಿ ಬೇಗ ಕುಗ್ಗಬಹುದಂತೆ. ಇನ್ನು ಏಣಿ ಹತ್ಬೇಡಪ್ಪ.”

“ನನ್ನ ಕಾಲಿನ ಸುದ್ದಿ ರಕ್ತಕ್ಕೇನು ಗೊತ್ತು? ಗುಂಡುಕಲ್ಲಿನ ಹಾಗಿದೀನಿ.”

“ಹಾಗಾದ್ರೆ ಕೈ ಊರದೆ ಎದ್ದು ನಿಲ್ಲು, ನೋಡೋಣ.”

ಮುದುಕರು ಎರಡು ಸಲ ಏಳಲು ಹೋಗಿ ಕುರ್ಚಿಗೇ ಕುಸಿದರು. ದರ್ಜಿ ಮುಖ ತಿರುಗಿಸಿಕೊಂಡ.

“ನಿಮ್ಮಮ್ಮನಿಗೆ ಹೇಳ್ಬೇಡ ಕಣೇ.”

“ನಿನ್ನ ಇಲ್ಲಿಗೆ ಕರ್ಕೊಂಡು ಹೋಗು ಅಂದಿದ್ದೇ ಅಮ್ಮ. ಕೆಳಗೆ ಏಣಿ ಹಿಡ್ಕೊಂಡು ನಿಲ್ಲೋಳು ಅವಳಲ್ವಾ? ನಿನ್ನ ಕಾಲು ನಡುಗೋದು ಅವಳ ಕೈಗೆ ಎಂದೋ ಗೊತ್ತಾಗಿದೆ.”

ಮುದುಕರು ಮಗಳ ಭುಜ ಹಿಡಿದು ಎದ್ದು, ಡಾಕ್ಟರ ಕೋಣೆಯತ್ತ ನಡೆದರು.