ಮಾವನವರು ಕಪಾಟಿನಲ್ಲಿ, ಮೋಟಿ ಹೊಲದಲ್ಲಿ

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನನಗೆ ತಂಗಿಯಂತಿರುವ ಕಾಶಿಬಾಯಿ, ಅವಳ ಮಗಳು ಐಶ್ವರ್ಯ, ತಿಕೋಟಾ ಭಾಗದ ಪರವಾನಗಿ ಬಂದೂಕುದಾರರ ಸಂಘದ ಸದಸ್ಯರೇ, ಬಂದೂಕು ಇಲ್ಲದಿದ್ದರೂ ಬಾಯಿ ಇರುವ ಉಳಿದ ಮಹನೀಯರೇ — ಎಲ್ಲರಿಗೂ ನಮಸ್ಕಾರ.

ನಾನು ಯಲಗೂರಪ್ಪ. ಸಂಘದ ಕಾರ್ಯದರ್ಶಿ. ಇಪ್ಪತ್ತೆರಡು ವರ್ಷ ಶಂಕ್ರೆಪ್ಪನ ಜೊತೆ ಹೊಲ ಹೊಲ ತಿರುಗಿ ಹಂದಿ ಕಾದವನು. ನಮ್ಮ ಸಂಘದ ಅಧ್ಯಕ್ಷರಾದ ಶ್ರೀಯುತ ಶಂಕ್ರೆಪ್ಪನವರು ಇಂದಿಗೆ ಹನ್ನೊಂದು ದಿನದ ಹಿಂದೆ, ಬಬಲೇಶ್ವರದ ಕಬ್ಬಿನ ಹೊಲದಲ್ಲಿ, ಕಾಡುಹಂದಿಯ ಕೋರೆಗೆ ಸಿಕ್ಕು ನಮ್ಮನ್ನು ಅಗಲಿದರು. 'ಅಗಲಿದರು' — ಎಷ್ಟು ಮೆತ್ತಗಿನ ಮಾತು ನೋಡ್ರಿ. ನಾನು ಅಲ್ಲೇ ಇದ್ದೆ. ಅಲ್ಲಿ ಯಾವುದೂ ಮೆತ್ತಗಿರಲಿಲ್ಲ.

ಹೊಗಳುವ ಕೆಲಸವನ್ನು ನನಗಿಂತ ಮೊದಲು ಮಾತಾಡಿದ ಐದು ಮಂದಿ ಪೂರೈಸಿದ್ದಾರೆ. ಮೃದು ಸ್ವಭಾವ ಎಂದರು. ಅಜಾತಶತ್ರು ಎಂದರು. ಅಜಾತಶತ್ರು! — ಶಿವಾಜಿ, ಎಲ್ಲಿದ್ದೀಯಪ್ಪಾ? ಕೈ ಎತ್ತು. ಬಲಗೈ ಸಾಕು, ಎಡಗೈ ಭುಜದಿಂದ ಮೇಲೆ ಬರುವುದಿಲ್ಲ ಎಂದು ಊರಿಗೇ ಗೊತ್ತು. ಒಣದ್ರಾಕ್ಷಿಯ ಶೆಡ್ಡಿನಿಂದ ಪೆಟ್ಟಿಗೆ ಕದ್ದು ಹೊತ್ತು ಹೊರಟಿದ್ದ ಈ ನಮ್ಮ ಶಿವಾಜಿಯ ಭುಜದ ಮೇಲೆ ಶಂಕ್ರೆಪ್ಪನ ಬಂದೂಕಿನ ಹಿಡಿ ಬಿದ್ದಾಗ, ಎಲುಬು ಮುರಿದ ಸದ್ದು ನನಗೆ ಚಪ್ಪರದ ಆಚೆ ಬದಿಗೆ ಕೇಳಿಸಿತ್ತು. ಹೊಡೆದವನೇ ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ವಿಜಯಪುರದ ಆಸ್ಪತ್ರೆಗೆ ಒಯ್ದ. ಶಿವಾಜಿ ದಾರಿಯುದ್ದಕ್ಕೂ ಅಳುತ್ತಿದ್ದರೆ ಇವನ ಸಮಾಧಾನ ಹೀಗೆ —

"ಸುಮ್ನಿರಲೇ. ನಿನ್ನ ನಸೀಬ ಚಲೋ ಐತಿ, ನನ್ನ ಕೈಯಾಗ ಮೋಟಿ ಇತ್ತು. ಮಾವಾರ ಇದ್ರ ನಿನ್ನ ಹೊಡೀತಿದ್ದಿಲ್ಲ, ಸೀದಾ ಗುಂಡ ಹಾಕ್ತಿದ್ನಿ!"

ಬೇರೆ ಊರಿನಿಂದ ಬಂದವರಿಗಾಗಿ ಈ ಮಾತನ್ನು ಬಿಡಿಸಿ ಹೇಳಬೇಕು. ಶಂಕ್ರೆಪ್ಪನ ಹತ್ತಿರ ಎರಡು ಬಂದೂಕು. ಒಂದು, ಜೋಡು ನಳಿಗೆಯ ವಿಲಾಯತಿ ಬಂದೂಕು. ಮದುವೆಯಾದ ವರ್ಷ ಬಬಲೇಶ್ವರದ ಮಾವ, ಅಂದರೆ ಹೆಂಡತಿ ಕಾಶಿಬಾಯಿಯ ತಂದೆ, ಅಳಿಯನ ಹೆಸರಿಗೆ ಮಾಡಿಸಿಕೊಟ್ಟದ್ದು. ಹಿಡಿಯ ಮೇಲೆ ಬೆಳ್ಳಿ ತಟ್ಟೆ, ಮಲಗಲು ಮಖಮಲ್ಲಿನ ಪೆಟ್ಟಿಗೆ. ಆ ಬಂದೂಕನ್ನು ಅವನು 'ಮಾವನವರು' ಎಂದೇ ಕರೆಯುತ್ತಿದ್ದ. ಒಂದು ದಿನವೂ ಏಕವಚನ ಬಳಸಲಿಲ್ಲ. ಇನ್ನೊಂದು, ಒಂಟಿ ನಳಿಗೆಯದು. ಗೋಳಗುಮ್ಮಟದ ಹತ್ತಿರ ಮುಬೀನಸಾಬರ ಬಂದೂಕಿನ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದನ್ನು ಅಗ್ಗಕ್ಕೆ ತಂದದ್ದು. ಹಿಡಿ ಎರಡು ಕಡೆ ಸೀಳಿತ್ತು, ದ್ರಾಕ್ಷಿ ಚಪ್ಪರದ ತಂತಿ ಸುತ್ತಿದ್ದ. ಅದು ಮೋಟಿ.

ಮಂಡಲದ ಹಾವಿನ ತಲೆ ಜಜ್ಜಿದ್ದು ಮೋಟಿ. ಕೂಸುಗಳ ಮೇಲೆ ಎರಗಿದ ಹುಚ್ಚುನಾಯಿಯ ಬೆನ್ನು ಮುರಿದದ್ದು ಮೋಟಿ. ಕೀಲಿಕೈ ಕಳೆದಾಗ ಪಂಪಿನ ಕೋಣೆಯ ಬೀಗ ಒಡೆದದ್ದು, ಕೆಸರಿನಲ್ಲಿ ಊರುಗೋಲಾದದ್ದು, ಬಾಗಿಲಿಗೆ ಅಡ್ಡ ನಿಂತದ್ದು — ಎಲ್ಲಾ ಮೋಟಿ. ಬಿಡುವಾದಾಗ ಗುಂಡನ್ನೂ ಹಾರಿಸುತ್ತಿತ್ತು.

ಮಾವನವರ ದಿನಚರಿಯೇ ಬೇರೆ. ಎಣ್ಣೆ ಸ್ನಾನ, ಮಸ್ಲಿನ್ ಬಟ್ಟೆಯ ಒರೆಸುವಿಕೆ, ಆಯುಧಪೂಜೆಗೆ ಶೇವಂತಿಗೆ ಹಾರ. ಚುನಾವಣೆ ಬಂದಾಗ ಎಲ್ಲ ಬಂದೂಕುಗಳನ್ನೂ ಠಾಣೆಗೆ ಒಪ್ಪಿಸಬೇಕಲ್ಲ, ಆಗ ಇವನ ಸಂಕಟ ನೋಡಬೇಕಿತ್ತು. ಪ್ರತಿ ಸೋಮವಾರ ಎಣ್ಣೆ ಬಟ್ಟೆ ಹಿಡಿದು ಠಾಣೆಯ ಬಾಗಿಲಲ್ಲಿ ನಿಲ್ಲುವವನು.

"ಸಾಹೇಬ್ರ, ಮಾವಾರನ್ನ ಒಂದೀಟ ನೋಡಬೇಕಿತ್ರಿ."

ಹೊಸದಾಗಿ ಬಂದ ಪೇದೆ ಗಾಬರಿ. "ಯಾ ಕೇಸಿನ್ಯಾಗ ಒಳಗ ಹಾಕೇವ್ರಿ ನಿಮ್ಮ ಮಾವನ್ನ?"

ಪಕ್ಕದಲ್ಲೇ ಒರಗಿದ್ದ ಮೋಟಿಯ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ನಗಬೇಡ್ರಿ. ಇಲ್ಲಿ ನಮ್ಮ ಸಂಘದವರು ಮೂವತ್ತೊಂದು ಜನ ಇದ್ದೀರಿ. ಎರಡೆರಡು ಬಂದೂಕು ಇರುವವರು ಹನ್ನೆರಡು. ಅವರಲ್ಲಿ ಒಳ್ಳೆಯದನ್ನು ಹೊಲಕ್ಕೆ ಒಯ್ದವರು ಕೈ ಎತ್ತಿ. — ಎತ್ತಿ, ಪೊಲೀಸರಿಲ್ಲ. — ಒಬ್ಬರೂ ಇಲ್ಲ. ನನಗೆ ಗೊತ್ತಿತ್ತು. ಕೇಳಿದರೆ ಮಳೆ ಎನ್ನುತ್ತೀರಿ, ಮುಳ್ಳು ಎನ್ನುತ್ತೀರಿ, ಹಂದಿಯ ರಕ್ತ ಬಿದ್ದರೆ ಪಾಲಿಶ್ ಹೋಗುತ್ತದೆ ಎನ್ನುತ್ತೀರಿ. ರೇಷ್ಮೆ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು ಹರಕು ಸೀರೆ ಉಟ್ಟು ರೊಟ್ಟಿ ಬಡಿಯುವ ಹೆಂಡತಿಯನ್ನು ಹಾಸ್ಯ ಮಾಡುವ ಗಂಡಸರೇ ನಾವು, ಬಂದೂಕಿನ ವಿಷಯಕ್ಕೆ ಬಂದರೆ ನಾವೂ ಅದೇ ಕುಲ.

ಈ ದುಃಖದ ಸಭೆಯಲ್ಲಿ ಬಂದೂಕಿನ ಪುರಾಣ ಯಾಕೆ ತೆಗೆದೆ? ಯಾಕೆಂದರೆ ಹನ್ನೊಂದು ದಿನದಿಂದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಂದೇ ಮಾತು ಕುದಿಯುತ್ತಿದೆ. "ಜೋಡನಳಗಿ ಮನ್ಯಾಗ ಇಟ್ಟ, ಒಂಟಿ ತಗೊಂಡ ಹ್ವಾದ. ಎರಡನೇ ಗುಂಡ ಇದ್ದಿದ್ರ ಉಳೀತಿದ್ದ. ಕಂಜೂಸಿತನ ಕೊಂದತಿ." ಹೇಳಿದವರು ಈ ಸಭೆಯಲ್ಲೇ ಇದ್ದೀರಿ, ಹೆಸರು ಹೇಳುವುದಿಲ್ಲ, ಹಾರ ನೀವೇ ತಂದಿದ್ದೀರಿ.

ಊರಿನ ಮಾತನ್ನು ನಾನು ನುಂಗುತ್ತಿದ್ದೆ. ಆದರೆ ಮೂರನೆಯ ದಿನ ಈ ನನ್ನ ತಂಗಿ ಬಾಗಿಲ ಹಿಂದೆ ನಿಂತು ಒಂದು ಮಾತು ಹೇಳಿದಳು. "ಆ ಸಂಜೀಕ ಅವ್ರು ಚಲೋ ಬಂದೂಕಿಗೇ ಕೈ ಹಾಕಿದ್ರು ಅಣ್ಣಾ. ನಾನ ಬ್ಯಾಡ ಅಂದ್ನಿ. ಹಳೇದ ಒಯ್ರಿ ಅಂದ್ನಿ. ನಾನ ಕೊಂದ್ನಿ." ಅವತ್ತಿನಿಂದ ಅವಳು ತುತ್ತು ನೆಟ್ಟಗೆ ಉಂಡಿಲ್ಲ. ಗಂಡನ ಫೋಟೋದ ಕಡೆ ಮುಖ ಎತ್ತಿಲ್ಲ. ಈಗಲೂ ನೋಡ್ರಿ, ನೆಲ ನೋಡುತ್ತಿದ್ದಾಳೆ.

ತಂಗಿ, ನಾನು ಇಂದು ಅಧ್ಯಕ್ಷರಿಗೆ ಶ್ರದ್ಧಾಂಜಲಿ ಹೇಳಲು ನಿಂತಿಲ್ಲ. ನಿನಗೆ ಸಾಕ್ಷಿ ಹೇಳಲು ನಿಂತಿದ್ದೇನೆ.

ಆ ಸಂಜೆ ಆರೂವರೆ. ಅರಣ್ಯ ಇಲಾಖೆಯ ಅನುಮತಿ ಪತ್ರ ಜೇಬಿನಲ್ಲಿತ್ತು. ಹಂದಿ ಕಬ್ಬು ಸೀಳಿಕೊಂಡು ಹೊರಬಂತು. ಎಮ್ಮೆಯ ಕರುವಿನಷ್ಟು ಇತ್ತು. ಮೋಟಿ ಕೈ ಕೊಡಲಿಲ್ಲ — ಚಹಾದಂಗಡಿಯವರು ಇದನ್ನು ಬರೆದುಕೊಳ್ಳಿ. ಗುಂಡು ಎದೆಗೇ ಬಿತ್ತು. ಹಂದಿ ಮೊಣಕಾಲೂರಿತು, ಎದ್ದಿತು, ನನ್ನ ಕಡೆ ತಿರುಗಿತು. ನಾನು ಕುಂಟ, ಓಡಲಾರೆ; ಕೈಯಲ್ಲಿ ಬ್ಯಾಟರಿ ಬಿಟ್ಟರೆ ಏನೂ ಇಲ್ಲ. ಶಂಕ್ರೆಪ್ಪ ಓಡಬಹುದಿತ್ತು. ಓಡಿದ — ಹಂದಿಯ ಕಡೆಗೆ. ಬಂದೂಕನ್ನು ತಿರುವಿ ಹಿಡಿದು ಮೂತಿಗೆ ಬಾರಿಸಿದ. ಒಂದು — ಎರಡು — ಮೂರು. ಹಂದಿಯ ಹಲ್ಲು ಸಿಡಿದು ನನ್ನ ಅಂಗಿಗೆ ಬಡಿಯಿತು. ನಾಲ್ಕನೆಯ ಏಟಿಗೆ ಹಿಡಿ ತುಂಡಾಯಿತು, ತಂತಿ ಹಾರಿ ಅವನ ಕೆನ್ನೆಯನ್ನೇ ಸೀಳಿತು. ಉಳಿದ ನಳಿಗೆಯನ್ನು ಹಂದಿಯ ಕಣ್ಣಿಗೆ ಚುಚ್ಚಿ ಮೈಭಾರ ಹಾಕಿ ಒತ್ತಿದ. ಅಷ್ಟರಲ್ಲಿ ಕೋರೆ ಅವನ ತೊಡೆಯೊಳಗೆ ಹೋಗಿ ಮೇಲಕ್ಕೆ ಸೀಳಿತ್ತು. ಹಂದಿ ಅವನ ಮೇಲೆಯೇ ಬಿದ್ದು ಸತ್ತಿತು. ನಾನು ಅದನ್ನು ಎಳೆದು ಪಕ್ಕಕ್ಕೆ ಹಾಕುವಷ್ಟರಲ್ಲಿ, ಕಬ್ಬಿನ ಸಾಲಿಗೆ ನೀರು ಬಿಟ್ಟಂತೆ ರಕ್ತ ಹರಿದಿತ್ತು.

ಈಗ, ಎರಡನೇ ಗುಂಡಿನ ಪಂಡಿತರಿಗೆ ಬರುತ್ತೇನೆ.

ನನ್ನ ಈ ಕಾಲು. ತೊರವಿ ಕ್ರಾಸಿನಲ್ಲಿ ಮೋಟಾರ್ ಸೈಕಲ್ ಜಾರಿ ಹೀಗಾಯಿತು ಎಂದು ಎರಡು ವರ್ಷದಿಂದ ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ಆ ರಸ್ತೆ ನಿರಪರಾಧಿ. ಅವತ್ತು ಮೋಟಿ ರಿಪೇರಿಗೆ ಹೋಗಿತ್ತು. ಕಾಶಿಬಾಯಿ ತವರಿನಲ್ಲಿದ್ದಳು. ಶಂಕ್ರೆಪ್ಪ ಮೊದಲ ಸಲ ಮಾವನವರನ್ನು ಹೊಲಕ್ಕೆ ತಂದ. ಬೆಳಗಿನ ಆರು ಗಂಟೆ. ಮೊದಲನೆಯ ಗುಂಡು ಹಂದಿಯ ಬೆನ್ನು ಸವರಿತು, ಅದು ಕೆರಳಿ ನುಗ್ಗಿತು. ಎರಡನೆಯ ನಳಿಗೆಯಲ್ಲಿ ಗುಂಡು ಇತ್ತು. ಇತ್ತು, ಮಹನೀಯರೇ! ನಮ್ಮ ಅಧ್ಯಕ್ಷರು ಏನು ಮಾಡಿದರು ಗೊತ್ತೇ? ಹೀಗೆ — ಎರಡೂ ಕೈಯಿಂದ — ಬಂದೂಕನ್ನು ತಲೆಯ ಮೇಲೆ ಎತ್ತಿ ಹಿಡಿದರು. ಹೊಳೆ ದಾಟುವಾಗ ಕೂಸನ್ನು ಎತ್ತುತ್ತಾರಲ್ಲ, ಹಾಗೆ. ಬೆಳ್ಳಿ ತಟ್ಟೆಗೆ ಕೋರೆ ತಾಗಬಾರದು! ಹಂದಿ ಅವರನ್ನು ಕೆಡವಿ, ತುಳಿದು, ಹಿಂದೆ ನಿಂತಿದ್ದ ನನ್ನ ತೊಡೆಗೆ ಬಾಯಿ ಹಾಕಿತು. ನಾಯಿ ಹಳೆಯ ಚಪ್ಪಲಿಯನ್ನು ಒದರುವಂತೆ ಒದರಿತು. ಮೂವತ್ತೆರಡು ಹೊಲಿಗೆ.

ಕೆಸರಿನಲ್ಲಿ ಬಿದ್ದಿದ್ದ ಅವನ ಕೈಯಲ್ಲಿ ಮಾವನವರು ಆಗಲೂ ಮೇಲೇ ಇದ್ದರು. ಒಂದು ಗೀರು ಬಿದ್ದಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಹಾಸಿಗೆಯ ಪಕ್ಕ ಕುಳಿತು ಅತ್ತ. "ಯಲಗೂರಿ, ನಾ ನಿನ್ನ ಬಿಟ್ಟು ಬಂದೂಕ ಉಳಿಸಿದ್ನಲ್ಲೋ."

"ಚಲೋನ ಮಾಡಿದಿ ಬಿಡು," ಎಂದೆ. "ನನ್ನ ತೊಡಿಗೇನ ಬೆಳ್ಳಿ ತಟ್ಟಿ ಇತ್ತೇನು?"

ಅವನು ನಗಲಿಲ್ಲ. "ಕೈಯಾಗ ಮೋಟಿ ಇದ್ದಾಗ ಕಣ್ಣು ಹಂದಿ ಮ್ಯಾಲ ಇರ್ತೈತಿ. ಮಾವಾರ ಇದ್ರ ಕಣ್ಣು ಮಾವಾರ ಮ್ಯಾಲ. ಇನ್ನ ಅವ್ರು ಹೊಸ್ತಿಲಾ ದಾಟೂದಿಲ್ಲ. ಆದ್ರ ಕಾಶಿಗೆ ಹೇಳಬ್ಯಾಡ. ಅಪ್ಪನ ಬಂದೂಕಿನಿಂದ ಹಿಂಗಾತು ಅಂತ ಗೊತ್ತಾದ್ರ ಕೊರಗಿ ಕೊರಗಿ ಸಾಯ್ತಾಳ."

ಅದಕ್ಕೇ ಆ ಮೋಟಾರ್ ಸೈಕಲ್ಲಿನ ಕಥೆ. ಕ್ಷಮಿಸು ತಂಗಿ.

ಹಾಗಿದ್ದರೆ ಆ ಸಂಜೆ ಮಾವನವರಿಗೆ ಯಾಕೆ ಕೈ ಹಾಕಿದ? ಆ ಸಂಜೆ ಒಂದೇ ಅಲ್ಲ, ಎರಡು ವರ್ಷ, ಹೊರಟಾಗಲೆಲ್ಲ ಕೈ ಹಾಕಿದ್ದಾನೆ. ನೀನೇ ನೆನಪು ಮಾಡಿಕೋ. ಅವನು ಕಪಾಟು ತೆಗೆಯುವುದು, ನೀನು "ಬ್ಯಾಡ್ರಿ" ಎನ್ನುವುದು, ಅವನು ಮುಖ ಸಣ್ಣ ಮಾಡಿ ಮೋಟಿ ಎತ್ತಿಕೊಳ್ಳುವುದು. ಅಳಿಯ ನಿನ್ನ ಅಪ್ಪನ ಉಡುಗೊರೆಯನ್ನು ಮೂಲೆಗೆ ಹಾಕಿದ ಎಂದು ನಿನಗೆ ಅನಿಸಬಾರದು, ಅಷ್ಟೇ. ನನ್ನ ಮುಂದೆ ಹಲ್ಲು ಕಿರಿದು ಹೇಳುತ್ತಿದ್ದ, "ನಾ ಒಯ್ತೀನಿ ಅಂತೀನಿ, ಆಕಿ ಬ್ಯಾಡ ಅಂತಾಳ. ಮಾವಾರ ಮರ್ಯಾದಿ ಉಳೀತು, ನನ್ನ ಜೀವಾನೂ ಉಳೀತು."

ನನ್ನ ಮಾತು ನಂಬಬೇಡ. ಎರಡು ವರ್ಷ ಸುಳ್ಳು ಹೇಳಿದ ಬಾಯಿ ಇದು. ಕಾಡತೂಸನ್ನು ನಂಬು. ಬಂದೂಕಿಗೂ ಗಂಟಲಿನ ಅಳತೆ ಇರುತ್ತದೆ. ಮೋಟಿಯದು ಹನ್ನೆರಡು ಬೋರು, ಅಗಲ ಗಂಟಲು. ಮಾವನವರದು ಹದಿನಾರು — ಸಂಖ್ಯೆ ದೊಡ್ಡದು, ಗಂಟಲು ಸಣ್ಣದು, ದೊಡ್ಡವರ ಲಕ್ಷಣವೇ ಅದು. ಒಂದರದು ಇನ್ನೊಂದರೊಳಗೆ ಹೋಗುವುದಿಲ್ಲ. ಅವತ್ತು ಮಧ್ಯಾಹ್ನ ಮೂರು ಗಂಟೆಗೆ, ಅವನು ಮನೆಗೆ ಬರುವ ಮೊದಲು, ನನ್ನ ಎದುರಿಗೇ ಮುಬೀನಸಾಬರ ಅಂಗಡಿಯಲ್ಲಿ ನಾಲ್ಕು ಕಾಡತೂಸು ಕೊಂಡ. ನಾಲ್ಕೂ ಹನ್ನೆರಡು ಬೋರಿನವು. ಒಂದರ ಗುಂಡು ಹಂದಿಯ ಎದೆಯಲ್ಲಿ ಸಿಕ್ಕಿತು, ಮೂರು ಅವನ ಜೇಬಿನಲ್ಲಿದ್ದವು, ಪಂಚನಾಮೆಯಲ್ಲಿ ಬರೆದಿದೆ. ಹದಿನಾರರ ಕಾಡತೂಸನ್ನು ಎರಡು ವರ್ಷದಿಂದ ಒಂದೂ ಕೊಂಡಿಲ್ಲ. ಕೊಂಡ ಪ್ರತಿ ಕಾಡತೂಸಿನ ಲೆಕ್ಕ ಇರುವ ಪರವಾನಗಿ ಪುಸ್ತಕವನ್ನು ಐಶ್ವರ್ಯ ನಿನ್ನೆ ನನ್ನ ಜೊತೆ ಕುಳಿತು ಪುಟಪುಟ ನೋಡಿದ್ದಾಳೆ. ಉಳಿದಿದ್ದ ಹಳೆಯವನ್ನೂ ಆಸ್ಪತ್ರೆಯಿಂದ ಬಂದ ವಾರವೇ ಅಂಗಡಿಗೆ ಹಿಂದಿರುಗಿಸಿದ್ದ.

ಅಂದರೆ ಏನಾಯಿತು ತಂಗಿ? ನೀನು ಆ ಸಂಜೆ "ಒಯ್ರಿ" ಎಂದಿದ್ದರೂ ಅವನು ಒಯ್ಯುತ್ತಿರಲಿಲ್ಲ. ಬಾಗಿಲಲ್ಲಿ ನೀನು ಏನು ಅಂದೆ ಎನ್ನುವುದರಿಂದ ಯಾರೂ ಸಾಯಲಿಲ್ಲ. ಅವನು ಮೂರು ಗಂಟೆಗೇ ಮೋಟಿಯನ್ನು ಆರಿಸಿದ್ದ. ಅದನ್ನು ಆರಿಸಿದ್ದಕ್ಕೇ ಈ ಕುಂಟ ಇನ್ನೂ ಮೈಕು ಹಿಡಿದು ನಿಂತಿದ್ದಾನೆ. ಯಾರ ಮೇಲಾದರೂ ಸಿಟ್ಟು ಬರುವುದಿದ್ದರೆ ನನ್ನ ಮೇಲೆ ಬರಲಿ, ಅವನ ಮೇಲೆ ಬರಲಿ —

ಏನವ್ವಾ? ಏನಂದಿ? ಜೋರಾಗಿ ಅನ್ನು.

ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ, ನಾನೇ ಹೇಳುತ್ತೇನೆ. ತಂಗಿ ತಲೆ ಎತ್ತಿದ್ದಾಳೆ. ಫೋಟೋ ನೋಡಿ ಹೇಳಿದಳು, "ಎರಡ ವರ್ಷ ನನ್ನ ಮಂಗ್ಯಾ ಮಾಡಿದ್ರಿ? ಕಳ್ಳರದೀರಿ ನೀವು. ಬರೇ ಕಳ್ಳರು."

ಹನ್ನೊಂದು ದಿನದಲ್ಲಿ ಗಂಡನಿಗೆ ಆಡಿದ ಮೊದಲ ಮಾತು. ಇನ್ನೂ ಬಹಳ ಇದೆ, ಮುಖ ನೋಡಿದರೆ ಗೊತ್ತಾಗುತ್ತದೆ. ಆಡಲಿ. ಯಾರೂ ಸಮಾಧಾನ ಮಾಡಲು ಹೋಗಬೇಡಿ. ಐಶ್ವರ್ಯ, ಅವ್ವನ ಕೈ ಬಿಡವ್ವಾ, ಹೋಗಲಿ ಫೋಟೋದ ಹತ್ತಿರ.

ಮಹನೀಯರೇ, ಟೊಪ್ಪಿಗೆ, ರುಮಾಲು ತೆಗೆದು ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನ — ನಮಗೆ. ಅವಳಿಗಲ್ಲ.